ಎಡಸುತ್ತಿನ ಹಗ್ಗ

ನಾನು ಎಡಚಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯವರು ಇದನ್ನು ಊರಿಗೆ ಗೊತ್ತಾಗದ ಹಾಗೆ ಮುಚ್ಚಿಡಲು ಬಹಳ ತ್ರಾಸು ಪಟ್ಟರು. ಕಳವು ಮಾಡಿದ ಕೈಯನ್ನೂ ಯಾರೂ ಅಷ್ಟು ಬಚ್ಚಿಡುವುದಿಲ್ಲ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ಹಳೆಯ ಸೀರೆಯ ಕೆಂಪು ಅಂಚನ್ನು ಉದ್ದಕ್ಕೆ ಹರಿದು ಒಂದು ಪಟ್ಟಿ ಮಾಡಿ ಅಡುಗೆಮನೆಯ ಗೂಟಕ್ಕೆ ಹಾಕಿದ್ದಳು. ನಾನು ಊಟಕ್ಕೆ ಕೂತಾಗ, ಒಲೆಯ ಮುಂದೆ ಕೂತಾಗ, ಆ ಪಟ್ಟಿಯಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಬಿಗಿಯುತ್ತಿದ್ದಳು. ಗಂಟು ಬೆನ್ನ ಹಿಂದೆ ಬರುತ್ತಿತ್ತು, ನನಗೆ ನಿಲುಕುತ್ತಿರಲಿಲ್ಲ. ಆಯಿ ಕೆಟ್ಟವಳಾಗಿರಲಿಲ್ಲ. ಬಿಗಿಯುವಾಗ ಚರ್ಮಕ್ಕೆ ಒತ್ತದಿರಲಿ ಎಂದು ನಡುವೆ ಒಂದು ಬೆರಳು ಇಟ್ಟು ನೋಡುತ್ತಿದ್ದಳು. ದನಕ್ಕೆ ಹಗ್ಗ ಹಾಕುವಾಗಲೂ ಹಾಗೇ ನೋಡುತ್ತಿದ್ದಳು.

ಈ ಮಾತು ಬರೆಯಲು ಕಾರಣ ಮೊನ್ನೆ ಮಗ ಹೊಲದಿಂದ ಹೊತ್ತು ತಂದ ಎಣ್ಣೆ ಹೊಡೆಯುವ ಮಷಿನ್ನು. ತೊಗರಿಗೆ ಹುಳ ಬಿದ್ದಿತ್ತು. ಮಷಿನ್ನು ಚಾಲೂ ಮಾಡಲು ಹಗ್ಗ ಜಗ್ಗಿದರೆ ಹಗ್ಗ ಕೈಗೇ ಬಂದಿತ್ತು. ಚಿತ್ತಾಪುರಕ್ಕೆ ಒಯ್ಯುತ್ತೇನೆ ಎಂದ. ಇಲ್ಲಿ ಇಡು ಎಂದೆ. ಮುಚ್ಚಳ ಬಿಚ್ಚಿ, ಬೋರಲು ಹಾಕಿ, ಗಾಲಿಯನ್ನು ಎಡಕ್ಕೆ ಸುತ್ತಿ, ಹೊಸ ಹಗ್ಗ ಪೋಣಿಸಿ ಕೊಟ್ಟೆ. ಚಹಾ ಕುದಿಯುವಷ್ಟು ಹೊತ್ತು ಹಿಡಿಯಿತು. ಇದನ್ನು ನೀನು ಎಲ್ಲಿ ಕಲಿತಿ ಎಂದು ಮಗ ಬಾಯಿ ತೆರೆದು ಕೇಳಿದ. ಐವತ್ತು ದಾಟಿದ ಮಗನಿಗೆ ತಾಯಿಯ ಬಗ್ಗೆ ಗೊತ್ತಿರುವುದು ಅಷ್ಟೇ. ಹಾಗಾಗಿ ಹೇಳುತ್ತೇನೆ.

ದಂಡೋತಿಯಲ್ಲಿ ನಮ್ಮ ಮನೆ ಹೊಳೆಯ ಕಡೆಗೆ ಬೆನ್ನು ಮಾಡಿ ಕೂತಿತ್ತು. ಬಾಗಿಲು ದಾಟಿದ ಕೂಡಲೇ ಎತ್ತುಗಳು, ಆಮೇಲೆ ಮನುಷ್ಯರು. ಮೊದಲು ಸಗಣಿಯ ವಾಸನೆ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಅದರ ಮೂಲೆಯಲ್ಲಿ ಆಯಿಯ ಪೂಜೆಯ ಮಣೆ. ನೆಲಕ್ಕೆಲ್ಲ ಶಹಾಬಾದಿನ ಕಲ್ಲು ಹಾಸಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಅರ್ಧ ಊಟ ಮಾಡಿದಷ್ಟು ಸುಖ. ಮನೆಯಲ್ಲಿ ಎಲ್ಲವೂ ಬಲಕ್ಕೆ ನಡೆಯುತ್ತಿತ್ತು. ಅಪ್ಪ ರುಮಾಲು ಬಲಕ್ಕೆ ಸುತ್ತುತ್ತಿದ್ದ. ಬೀಸುವ ಕಲ್ಲು ಬಲಕ್ಕೆ ತಿರುಗುತ್ತಿತ್ತು. ಹಗ್ಗ ಸುತ್ತಿ ಗೂಟಕ್ಕೆ ಹಾಕುವಾಗ ಬಲಕ್ಕೆ ಸುತ್ತಬೇಕು. ಎಡಸುತ್ತು ಸಾವಿನ ಮನೆಯದು ಎಂದು ಆಯಿ ನಂಬಿದ್ದಳು, ಅವಳು ನಂಬಿದ್ದನ್ನು ಉಳಿದವರೂ ನಂಬಬೇಕಿತ್ತು. ಅಂಥ ಮನೆಯಲ್ಲಿ ನಾನೊಬ್ಬಳು ಹುಟ್ಟಿದೆ. ಚಮಚ ಹಿಡಿದರೂ ಎಡ, ಕಸಬರಿಗೆ ಹಿಡಿದರೂ ಎಡ.

ಶಾಲೆಯಲ್ಲೂ ಇದೇ ಕಥೆ. ಮಾಸ್ತರರು ಎಡಗೈಯ ಗೆಣ್ಣುಗಳ ಮೇಲೆ ಮರದ ಪಟ್ಟಿಯಿಂದ ಹೊಡೆಯುತ್ತಿದ್ದರು. ಬಲಗೈಯಲ್ಲಿ ಬರೆದರೆ ಅಕ್ಷರ ಕಾಲು ಮೇಲೆ ಮಾಡಿ ಬೀಳುತ್ತಿತ್ತು, ಅದಕ್ಕೂ ಹೊಡೆತ. ಮೂರನೇ ಇಯತ್ತೆಯಲ್ಲಿ ಬಿಡಿಸಿದರು. ಅಂದು ಆಯಿ ಹೇಳಿದ್ದು ನೆನಪಿದೆ:

"ಬಡಿಸ್ಕೊಳ್ಳಾಕ ಅಷ್ಟು ದೂರ ಯಾಕ ನಡೀಬೇಕು? ಅದು ಮನ್ಯಾಗೂ ಸಿಗ್ತದ."

ಈಗ ಬರೆಯುತ್ತಿರುವ ಅಕ್ಷರ ನಾನು ತಾಯಿಯಾದ ಮೇಲೆ ಮಗಳ ಪಾಟಿಯ ಮೇಲೆ ಕಲಿತದ್ದು. ಎಡಗೈಯಲ್ಲಿ.

ಹತ್ತು ತುಂಬಿದ ಮಳೆಗಾಲದಲ್ಲಿ ನನ್ನನ್ನು ರೊಟ್ಟಿ ಬಡಿಯಲು ಕೂಡಿಸಿದರು. ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಗೊತ್ತು, ಪಳಗಿದ ಕೈ ಹಿಟ್ಟಿನ ಮೇಲೆ ಬೀಳುತ್ತಿದ್ದರೆ ರೊಟ್ಟಿ ತಾನಾಗಿಯೇ ತಿರುಗುತ್ತ ದೊಡ್ಡದಾಗುತ್ತದೆ. ಆಯಿಯ ಕೈ ಕೆಳಗೆ ರೊಟ್ಟಿ ಬಲಕ್ಕೆ ತಿರುಗುತ್ತಿತ್ತು. ನಾನು ಮೊದಲ ದಿನ ಮೈಮರೆತು ಎಡಗೈಯಲ್ಲಿ ಬಡಿದೆ. ರೊಟ್ಟಿ ಎಡಕ್ಕೆ ತಿರುಗಿತು, ದುಂಡಗಾಯಿತು, ಹಂಚಿನ ಮೇಲೆ ಉಬ್ಬಿತು. ಆಯಿ ಅದನ್ನು ಕೋಲಿನ ತುದಿಯಿಂದ ಎತ್ತಿ ಎತ್ತಿನ ಮುಂದೆ ಹಾಕಿ ಬಂದಳು. ಅಂದೇ ಪಟ್ಟಿ ಗೂಟಕ್ಕೆ ಬಂದದ್ದು.

"ಪಂಚಮಿ ತನಕ ನೋಡ್ತೀನಿ, ಈರಿ. ಅಷ್ಟರಾಗ ಬಲಗೈ ಪಳಗಲಿಲ್ಲಂದ್ರ ಎದ್ದಾಗಿಂದ ಮಲಗೋ ತನಕ ಕಟ್ಟೇ ಇಡ್ತೀನಿ. ನಾಳಿ ಅತ್ತಿಮನ್ಯಾಗ ಎಡಗೈಲೆ ಬಡಿಸಿದ್ರ ನಮಗ ಉಗುಳ್ತಾರ."

ಅವ್ವ ಸೇಡಂ ಕಡೆಯ ಹಳ್ಳಿಯವಳು. ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು, ಅದಕ್ಕೇ ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ರಾತ್ರಿ ಊಟವಾದ ಮೇಲೆ ಗಂಟು ಬಿಚ್ಚಿ, ಮೊಣಕೈಗೆ ಸ್ವಲ್ಪ ಎಣ್ಣೆ ತಿಕ್ಕುತ್ತಿದ್ದಳು. ಅವಳ ಮಾತೆಲ್ಲ ಆ ಎಣ್ಣೆಯಲ್ಲೇ ಇತ್ತು. ಪಂಚಮಿಗೆ ಇನ್ನು ಹದಿನೆಂಟು ದಿನ ಇತ್ತು. ನಾನು ಒಲೆಯ ಹಿಂದಿನ ಗೋಡೆಗೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಎಡಗೈ ಬಿಟ್ಟಾಗ ಎಡಗೈಯಲ್ಲೇ.

ಇನ್ನು ಮಷಿನ್ನಿನ ಮಾತು. ನಮ್ಮ ಹೊಲ ಕಾಗಿಣಾ ಹೊಳೆಯ ಆಚೆ ದಂಡೆಯಲ್ಲಿತ್ತು. ಬೇಸಿಗೆಯಲ್ಲಿ ಬಂಡೆಯ ಮೇಲೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಹೊಳೆ ಯಾರ ಮಾತನ್ನೂ ಕೇಳುವುದಿಲ್ಲ. ಅಪ್ಪನಿಗೆ ಒಂದು ದೋಣಿ ಇತ್ತು, ಕೋಲು ಹಾಕಿ ನೂಕುತ್ತಿದ್ದ. ಒಮ್ಮೆ ಶಹಾಬಾದಿಗೆ ಎತ್ತಿನ ಗಾಡಿ ಹೊಡೆದುಕೊಂಡು ಹೋದವನು ಗುಜರಿ ಅಂಗಡಿಯ ಖಾದರ್ ಸಾಬರ ಹತ್ತಿರ ಎರಡು ಚೀಲ ತೊಗರಿ ಇಳಿಸಿ, ಬದಲಿಗೆ ಒಂದು ಕಬ್ಬಿಣದ ಪ್ರಾಣಿಯನ್ನು ಹಾಕಿಕೊಂಡು ಬಂದ. ಮೇಲೆ ದುಂಡನೆ ತಲೆ, ನಡುವೆ ಉದ್ದ ಕಾಲು, ಕಾಲಿನ ತುದಿಗೆ ಮೂರು ಎಲೆಯ ಪಂಖ. ಕಲ್ಲುಗಣಿಯಲ್ಲಿ ನಿಂತ ನೀರಿನ ಮೇಲೆ ಓಡಾಡಲು ಯಾರೋ ಸಾಹೇಬರು ಬಹಳ ಹಿಂದೆ ತರಿಸಿದ್ದಂತೆ. ದೋಣಿಯ ಹಿಂಬದಿಗೆ ಕಚ್ಚಿಸಿ, ತಲೆಯಿಂದ ಹೊರಬಂದ ಹಗ್ಗ ಜಗ್ಗಿದರೆ ಫಟಫಟ ಎಂದು ಓಡುತ್ತಿತ್ತು. ಊರಿನವರು ಅದಕ್ಕೆ ನೀರಿನ ಫಟಫಟಿ ಎಂದು ಹೆಸರಿಟ್ಟರು. ಆಯಿ ಅವ್ವನಿಗೆ, "ನಿನ್ನ ಸವತಿ ಬಂದಾಳ ನೋಡು" ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ಅವ್ವನ ಕಡೆ ನೋಡುವುದಕ್ಕಿಂತ ಹೆಚ್ಚು ಅದರ ಕಡೆ ನೋಡುತ್ತಿದ್ದ, ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನನಗೆ ಮಾತ್ರ ದೋಣಿಯಲ್ಲಿ ಅದರ ಪಕ್ಕದ ಜಾಗ ಕೊಟ್ಟಿದ್ದ. ಅವನು ಹಗ್ಗ ಜಗ್ಗುವಾಗ ಮಷಿನ್ನಿನ ತಲೆಯ ಜಾಲರಿಯೊಳಗೆ ಗಾಲಿ ಬಲಕ್ಕೆ ಸರ್ರನೆ ತಿರುಗುವುದನ್ನು, ಕೈ ಸಡಿಲ ಬಿಟ್ಟರೆ ಹಗ್ಗವನ್ನು ಮತ್ತೆ ಒಳಗೆ ನುಂಗುವುದನ್ನು ನಾನು ನೂರು ಸಲ ನೋಡಿದ್ದೆ.

ಪಂಚಮಿಗೆ ಐದು ಗೀಟು ಉಳಿದಿದ್ದಾಗ ಹಗ್ಗ ಹರಿಯಿತು. ತೊಗರಿಯಲ್ಲಿ ಕಸ ಮೊಣಕಾಲಿಗೆ ಬಂದಿತ್ತು. ಎಂಟು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ದೋಣಿಯಲ್ಲಿ ಕೂತಿದ್ದರು. ಅಪ್ಪ ಜಗ್ಗಿದ, ಹಗ್ಗದ ಮುಕ್ಕಾಲು ಪಾಲು ಅವನ ಕೈಯಲ್ಲಿ, ಮರದ ಹಿಡಿ ಎರಡು ಹೋಳಾಗಿ ನೀರಿನಲ್ಲಿ, ಅಪ್ಪ ಹೆಂಗಸರ ಮಡಿಲಲ್ಲಿ. ಕಳೆ ತೆಗೆಯುವ ಗುಂಪಿಗೆ ಹಿರಿಯಳಾದ ಶರಣಮ್ಮ ಅವನನ್ನು ಎಬ್ಬಿಸಿ ಕೂಡಿಸಿ ಹೇಳಿದಳು:

"ಸಿದ್ದಣ್ಣ, ನಿನ್ನ ಸಣ್ಣ ಹೇಣ್ತಿ ಮುನಿಸ್ಕೊಂಡಾಳ. ಸೀರಿ ತಂದು ಕೊಡು. ನಾವು ಮನಿಗಿ ಹೋಗ್ತೀವಿ."

ಹೊಳೆ ಅಂದು ಎರಡು ಆಳು ಏರಿತ್ತು, ಕೋಲು ತಳ ಮುಟ್ಟುತ್ತಿರಲಿಲ್ಲ. ಅಪ್ಪ ಮಷಿನ್ನಿನ ತಲೆಯ ಮುಚ್ಚಳವನ್ನು ಬಿಚ್ಚಿ ಮನೆಗೆ ತಂದು ಪಡಸಾಲೆಯಲ್ಲಿ ಬೋರಲು ಇಟ್ಟ. ಒಳಗೆ ಒಂದು ಗಾಲಿ, ಬಾವಿಯ ರಾಟೆಯ ಹಾಗೆ, ಅಂಚಿಗೆ ಹಗ್ಗ ಕೂರುವ ಕಾಲುವೆ. ಗಾಲಿಯ ಕೆಳಗೆ ಬೆರಳಗಲದ ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ಇಟ್ಟಿದ್ದರು. ಅದನ್ನು ಅಪ್ಪ ಕಮಾನು ಎನ್ನುತ್ತಿದ್ದ. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಈ ಕಮಾನಿಗೆ ಮೊದಲು ನಾಲ್ಕು ಸುತ್ತು ಬಿಗಿ ಕೊಡಬೇಕು, ಆಮೇಲೆ ಹಗ್ಗ ಪೋಣಿಸಬೇಕು. ಆಗಲೇ ಅದು ಜಗ್ಗಿದ ಹಗ್ಗವನ್ನು ವಾಪಸು ಎಳೆದುಕೊಳ್ಳುತ್ತದೆ. ಇಷ್ಟು ಖಾದರ್ ಸಾಬರು ಹೇಳಿಕೊಟ್ಟಿದ್ದರು. ಯಾವ ಕಡೆಗೆ ಎಂದು ಹೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದು ಕೇಳುವ ಮಾತೇ ಅಲ್ಲವಲ್ಲ.

ಮೊದಲ ಗುದ್ದಾಟ ಹಗ್ಗಕ್ಕೆ. ಬಾವಿಯ ಹಗ್ಗ ದಪ್ಪ, ಕಾಲುವೆಯಲ್ಲಿ ಕೂರಲಿಲ್ಲ. ಆಯಿ ಹೊಸೆದ ಪುಂಡಿನಾರಿನ ಹಗ್ಗ ನೀರು ಕುಡಿದರೆ ಉಬ್ಬುತ್ತದೆ. ಅಪ್ಪ ಮನೆಯ ಗೂಟಗಳನ್ನೆಲ್ಲ ನೋಡುತ್ತ ಅಡುಗೆಮನೆಗೆ ಬಂದು ಮಜ್ಜಿಗೆ ಕಡೆಯುವ ಹಗ್ಗದ ಮುಂದೆ ನಿಂತ. ಸಣ್ಣ ಹತ್ತಿಯ ಹಗ್ಗ, ವರ್ಷಗಟ್ಟಲೆ ಬೆಣ್ಣೆ ಕುಡಿದು ಹಾವಿನಂತೆ ನುಣ್ಣಗಾಗಿತ್ತು. ಅವ್ವ ತವರಿನಿಂದ ತಂದದ್ದು.

"ಅದನ್ನ ಮುಟ್ಟಬ್ಯಾಡ, ಸಿದ್ಯಾ," ಎಂದಳು ಆಯಿ. "ಮಜ್ಜಿಗಿ ಹಗ್ಗ ಹೊಸ್ತಿಲ ದಾಟಿದ್ರ ಹಯನ ದಾಟ್ತದ."

"ಹಯನ ಎಲ್ಲದ ಅವ್ವಾ? ಎಮ್ಮಿ ಬತ್ತಿ ತಿಂಗಳಾತು."

ಅವ್ವ ತಾನೇ ಹಗ್ಗ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. "ಬೆಣ್ಣಿ ಕುಡದದ, ನೀರು ಕುಡಿಯಂಗಿಲ್ಲ," ಎಂದಳು, ಅಷ್ಟೇ. ಸವತಿಗೆ ತನ್ನ ತವರಿನ ಹಗ್ಗ ಕೊಟ್ಟ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಪ್ಪ ಗಾಲಿಯನ್ನು ನಾಲ್ಕು ಸುತ್ತು ತಿರುಗಿಸಿದ. ಬಲಕ್ಕೆ. ಹಗ್ಗ ಪೋಣಿಸಿ ಬಿಟ್ಟ. ಹಗ್ಗ ಸತ್ತ ಇಲಿಯ ಬಾಲದಂತೆ ಜೋತುಬಿತ್ತು. ಮತ್ತೆ ಬಿಚ್ಚಿದ, ಆರು ಸುತ್ತು ತಿರುಗಿಸಿದ, ಬಲಕ್ಕೆ. ಒಳಗೆ ಕಮಾನು ಕರಕರ ಎಂದಿತು. ಮೂರನೆಯ ಸಲ ಹಲ್ಲು ಕಚ್ಚಿ ಒತ್ತಿ ತಿರುಗಿಸಿದ. ಕಮಾನಿನ ಕೊಕ್ಕೆ ಕಳಚಿತು, ಗಾಲಿ ಎಗರಿತು, ಉಕ್ಕಿನ ಪಟ್ಟಿ ಬುಟ್ಟಿಯಿಂದ ಎದ್ದ ನಾಗರದಂತೆ ಜಿಗಿದು ಅಪ್ಪನ ಬಲ ಅಂಗೈಯನ್ನು ಸೀಳಿ ಕಂಬಕ್ಕೆ ಬಡಿದು ಬಿತ್ತು. ಶಹಾಬಾದ್ ಕಲ್ಲಿನ ಮೇಲೆ ರಕ್ತ ಬಹಳ ಕೆಂಪಾಗಿ ಕಾಣುತ್ತದೆ. ಆಯಿ ಅರಿಶಿನ ತುಂಬಿದಳು, ಅವ್ವ ಬಟ್ಟೆ ಸುತ್ತಿದಳು. ಆಯಿ ಸುತ್ತಲೂ ನೋಡಿದಳು, ಪಡಸಾಲೆಯ ಮೆಟ್ಟಿಲ ಮೇಲೆ ನಾನು ಕೂತಿದ್ದೆ.

"ಈ ಎಡಚಿ ಎದುರಿಗಿ ಕುಂತಾಳ, ಕೆಲಸ ಹ್ಯಾಂಗ ಆಗ್ತದ? ಪಂಚಮಿ ಯಾಕ, ಇವತ್ತಿಂದೇ ಕಟ್ತೀನಿ."

ಕಟ್ಟಿದಳು. ಈ ಸಲ ನಡುವೆ ಬೆರಳಿಟ್ಟು ನೋಡಲಿಲ್ಲ. ಗೋಡೆಯ ಮೇಲೆ ಎಳೆಯಬೇಕಿದ್ದ ನನ್ನ ಐದು ಗೀಟು ಹಾಗೇ ಉಳಿದವು.

ಮರುದಿನ ಮುಂಜಾನೆ ಮಳೆ ಜಿಟಿಜಿಟಿ ಹಿಡಿದಿತ್ತು. ಆಯಿ ಮಣೆಯ ಮೇಲೆ ಪೂಜೆಗೆ ಕೂತಿದ್ದಳು. ಅಪ್ಪ ಪಡಸಾಲೆಯಲ್ಲಿ ಮುಚ್ಚಳದ ಮುಂದೆ ಕೂತಿದ್ದ. ಬಟ್ಟೆ ಸುತ್ತಿದ ಕೈ ಮಡಿಲಲ್ಲಿ, ಮುಖ ತೋಯ್ದ ಚೀಲದ ಹಾಗೆ. ಹಿಂದಿನ ದಿನವೇ ಖಾದರ್ ಸಾಬರಿಗೆ ಹೇಳಿಕಳುಹಿಸಿದ್ದ. ಹದಿನೈದು ದಿನ ಬಿಟ್ಟು ತಾ ಎಂದು ಉತ್ತರ ಬಂದಿತ್ತು. ಹದಿನೈದು ದಿನದಲ್ಲಿ ತೊಗರಿ ಹೋಗಿ ಬರೀ ಕಸ ಉಳಿಯುತ್ತಿತ್ತು. ನಾನು ಒಲೆಯ ಮುಂದೆ ಬಲಗೈಯೊಂದರಲ್ಲೇ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ತಿರುಗಲಿಲ್ಲ. ನಾನು ಒತ್ತಿದೆ, ಅದು ಹರಿಯಿತು. ಮತ್ತೆ ಉಂಡೆ ಮಾಡಿದೆ, ಒತ್ತಿದೆ, ಹರಿಯಿತು. ಮೂರನೆಯ ಸಲ ಕೈ ಎತ್ತಿದವಳು ಹಾಗೇ ತಡೆದೆ. ಅಪ್ಪ ಮಾಡಿದ್ದೂ ಇದೇ ಅಲ್ಲವೇ ಎನಿಸಿತು. ತಿರುಗದ ಕಡೆಗೆ ಒತ್ತಿ ಒತ್ತಿ ಹರಿದದ್ದು. ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು, ಬೋರಲು ಬಿದ್ದ ಮುಚ್ಚಳವೂ ಕಾಣುತ್ತಿತ್ತು. ದೋಣಿಯಲ್ಲಿ ನಾನು ಗಾಲಿಯನ್ನು ನೋಡಿದ್ದು ಮೇಲಿನಿಂದ. ಅಪ್ಪ ಈಗ ನೋಡುತ್ತಿರುವುದು ಅಡಿಯಿಂದ.

ನಾನು ಎದ್ದು ಹೋಗಿ ಅಪ್ಪನ ಮುಂದೆ ಕೂತೆ. ಕಟ್ಟಿದ ಕೈಯಿಂದಾಗಿ ಕೂರುವಾಗ ಓಲಾಡಿ ಅವನ ಮೊಣಕಾಲ ಮೇಲೆ ಬಿದ್ದೆ.

"ಅಪ್ಪಾ, ನೀ ಅದನ್ನ ಬೋರಲ ಇಟ್ಟೀದಿ."

"ಬೋರಲ ಇಡಲಾರ್ದ ಒಳಗ ಹ್ಯಾಂಗ ಕೈ ಹಾಕ್ಲಿ?"

"ದೋಣ್ಯಾಗ ಅದು ಬಲಕ್ಕ ತಿರುಗ್ತದ, ನಾ ದಿನಾ ನೋಡೀನಿ. ಈಗ ಬೋರಲ ಅದ. ಬೋರಲ ಇಟ್ರ ಬಲ ಎಡ ಆಗ್ತದ. ನೀ ಸುತ್ತಿದ್ದು ಉಲ್ಟಾ ಆಗ್ಯಾದ."

ಅಪ್ಪ ಎಡಗೈಯಲ್ಲಿ ಒಂದು ತಟ್ಟೆ ಎತ್ತಿಕೊಂಡು ಮೇಲೆ ಬಲಕ್ಕೆ ತಿರುಗಿಸಿದ, ತಿರುಗಿಸುತ್ತಲೇ ತಲೆ ಬಗ್ಗಿಸಿ ಕೆಳಗಿನಿಂದ ನೋಡಿದ. ಮತ್ತೆ ಮೇಲಿನಿಂದ, ಮತ್ತೆ ಕೆಳಗಿನಿಂದ. ಹೊಲ, ಎತ್ತು, ಹೊಳೆ ಎಲ್ಲ ತಿಳಿದ ಗಂಡಸು ತಟ್ಟೆಯ ಕೆಳಗೆ ಇಣುಕುತ್ತಿದ್ದ.

"ಏ ಈರಿ," ಎಂದ ಕೊನೆಗೆ, "ಇದು ನಿನ್ನಂಗ ಎಡಚಿ ಅದ."

ಅಪ್ಪನ ಬಲಗೈ ನಡೆಯುತ್ತಿರಲಿಲ್ಲ, ಎಡಗೈಗೆ ಸೂಕ್ಷ್ಮ ಕೆಲಸ ಗೊತ್ತಿರಲಿಲ್ಲ. ಅವನು ನನ್ನ ಬೆನ್ನ ಹಿಂದಿನ ಗಂಟಿಗೆ ಕೈ ಹಾಕಿದ. ಪೂಜೆಯ ಮಣೆಯಿಂದ ಆಯಿಯ ಧ್ವನಿ ಬಂತು:

"ಸಿದ್ಯಾ, ಗಂಟು ಬಿಚ್ಚಬ್ಯಾಡ. ಮಷಿನ್ ಹಾಳಾಗಿ ಹೋಗ್ಲಿ. ಇಕಿ ಬಾಳೇವು ಹಾಳಾದ್ರ ಯಾರು ಸುತ್ತಿ ಕೊಡ್ತಾರ? ಎಡಗೈ ಎದಕ್ಕದ? ತೊಳಕೊಳ್ಳಾಕ ಅದ. ಅದರಲೇ ಅನ್ನದ ಕೆಲಸ ಮಾಡ್ತಾರೇನು?"

ಆಗ ಅವ್ವ ಮಾತಾಡಿದಳು. ಒಲೆಯ ಮುಂದಿನಿಂದ ಏಳಲೂ ಇಲ್ಲ, ಧ್ವನಿ ಏರಿಸಲೂ ಇಲ್ಲ.

"ಅತ್ತಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಈಗ ಲಿಂಗ ಯಾವ ಕೈಯಾಗ ಇಟ್ಕೊಂಡೀರಿ?"

ನಾವೆಲ್ಲ ಆಯಿಯ ಕಡೆ ನೋಡಿದೆವು, ಆಯಿ ತನ್ನ ಕೈಯ ಕಡೆ ನೋಡಿದಳು. ಇಷ್ಟಲಿಂಗ ಎಡ ಅಂಗೈಯಲ್ಲಿ ಕೂತಿತ್ತು. ನಲವತ್ತು ಐವತ್ತು ವರ್ಷ ದಿನಾ ಮುಂಜಾನೆ ಅಲ್ಲೇ ಕೂತಿತ್ತು. ಬಲಗೈ ಬರೀ ಪತ್ರಿ ಏರಿಸುವ, ನೀರು ಹಾಕುವ ಚಾಕರಿ ಮಾಡುತ್ತಿತ್ತು.

"ಅದು ಬ್ಯಾರಿ," ಎಂದಳು ಆಯಿ.

ಅವ್ವ ಹಿಟ್ಟಿಗೆ ನೀರು ಹಾಕಿದಳು. ಆಯಿ ಮತ್ತೊಮ್ಮೆ, ಸ್ವಲ್ಪ ಸಣ್ಣ ಧ್ವನಿಯಲ್ಲಿ, "ಅದು ಬ್ಯಾರಿ" ಎಂದು ಕಣ್ಣು ಮುಚ್ಚಿಕೊಂಡಳು. ಅಂದು ಪೂಜೆ ದಿನಕ್ಕಿಂತ ಬಹಳ ಹೊತ್ತು ನಡೆಯಿತು. ಕಣ್ಣು ಮುಚ್ಚಿದವರು ಬೇಡ ಎನ್ನಲಾರರು ಎಂದು ತಿಳಿದು ಅಪ್ಪ ಗಂಟು ಬಿಚ್ಚಿದ.

ಕೈ ಜೋಮು ಹಿಡಿದಿತ್ತು. ಅಪ್ಪ ಅದನ್ನು ತನ್ನ ಒಳ್ಳೆಯ ಕೈಯಲ್ಲಿ ಹಿಡಿದು, ಬೆರಳು ಒಂದೊಂದಾಗಿ ತಿಕ್ಕಿದ. ಅದುವರೆಗೆ ಅವನು ನನ್ನ ಎಡಗೈಯನ್ನು ಮುಟ್ಟಿದ್ದು ನನಗೆ ನೆನಪಿಲ್ಲ. ಆಮೇಲೆ ಕೆಲಸ ಹೇಳಿದ. ಕಮಾನಿನ ಹೊರತುದಿಯ ಕೊಕ್ಕೆಯನ್ನು ಮುಚ್ಚಳದ ಗೂಟಕ್ಕೆ ಸಿಕ್ಕಿಸು. ಪಟ್ಟಿಯನ್ನು ಗೋಡೆಗುಂಟ ಕೂಡಿಸುತ್ತ ಒಳಕ್ಕೆ ಬಾ. ಅವಸರ ಬೇಡ. ಮುಖ ದೂರ ಇಡು. ಅವನು ತನ್ನ ಎಡ ಹೆಬ್ಬೆರಳಿನಿಂದ ಕೂತ ಸುತ್ತನ್ನು ಒತ್ತಿ ಹಿಡಿಯುತ್ತಿದ್ದ, ನಾನು ಮುಂದಿನ ಸುತ್ತು ಕೂಡಿಸುತ್ತಿದ್ದೆ. ಎಡಕ್ಕೆ, ಎಡಕ್ಕೆ, ಎಡಕ್ಕೆ. ಯಾರೂ ಕಲಿಸಬೇಕಾಗಿರಲಿಲ್ಲ; ರೊಟ್ಟಿ ತಿರುಗುವ ಕಡೆಗೇ ಅದೂ ತಿರುಗುತ್ತಿತ್ತು. ಎರಡು ಸಲ ಎಗರಿತು, ಎರಡು ಸಲವೂ ಅಪ್ಪ ನನ್ನ ಮುಖಕ್ಕೆ ಅಡ್ಡ ತೋಳು ಒಡ್ಡಿದ. ಅವನ ಮೊಣಕೈ ಹತ್ತಿರ ಗೀರಿದ ಗಾಯದ ಕಲೆ ಸಾಯುವತನಕ ಇತ್ತು. ಮೂರನೆಯ ಸಲ ಕಮಾನು ಪೂರಾ ಒಳಗೆ ಕೂತಿತು. ಮೇಲೆ ಗಾಲಿ ಇಟ್ಟು ಎಡಕ್ಕೆ ನಾಲ್ಕು ಸುತ್ತು ಬಿಗಿ ಕೊಟ್ಟೆವು. ಗಾಲಿ ಹಿಡಿದ ಕೈಗೆ ಅದು ಹಿಂದಕ್ಕೆ ಜಗ್ಗುವುದು ತಿಳಿಯುತ್ತಿತ್ತು, ಕಟ್ಟಿಹಾಕಿದ ಕರು ತಾಯಿಯ ಕಡೆ ಜಗ್ಗಿದ ಹಾಗೆ. ಗಾಲಿಯ ತೂತು ಮುಚ್ಚಳದ ತೂತಿಗೆ ಸರಿ ಬಂದಾಗ ಅಪ್ಪ ಒಂದು ಮೊಳೆ ಅಡ್ಡ ಕೊಟ್ಟು ತಡೆದ. ನಾನು ಅವ್ವನ ಮಜ್ಜಿಗೆ ಹಗ್ಗ ಪೋಣಿಸಿ ಗಂಟು ಹಾಕಿದೆ. ಮೊಳೆ ತೆಗೆದು ಮೆಲ್ಲಗೆ ಬಿಟ್ಟರೆ, ಹಲ್ಲಿ ನಾಲಿಗೆ ಎಳೆದುಕೊಂಡಂತೆ ಮಷಿನ್ನು ಹಗ್ಗವನ್ನು ಒಳಗೆ ಎಳೆದುಕೊಂಡಿತು. ತುದಿ ನನ್ನ ಕೈಯಲ್ಲಿ ಉಳಿಯಿತು.

ತುದಿಗೆ ಹಿಡಿ ಇರಲಿಲ್ಲ, ಹೊಳೆಗೆ ಹೋಗಿತ್ತಲ್ಲ. ಅಪ್ಪ ಒಂದು ಬೇವಿನ ತುಂಡು ಕೊಯ್ದು ಹಗ್ಗಕ್ಕೆ ಅಡ್ಡ ಕಟ್ಟಿದ. ಕೈಗೆ ಒರಟು ಎಂದು ಸುತ್ತಲು ಬಟ್ಟೆ ಹುಡುಕಿದ. ನನ್ನ ಮಡಿಲ ಹತ್ತಿರ ಆ ಕೆಂಪು ಪಟ್ಟಿ ಬಿದ್ದಿತ್ತು. ಅವನು ಆಯಿಯ ಕಡೆ ನೋಡಲಿಲ್ಲ. ಪಟ್ಟಿಯನ್ನು ಬೇವಿನ ತುಂಡಿಗೆ ಸುತ್ತಿದ, ಬಿಗಿಯಾಗಿ, ಕೊನೆಯತನಕ. ಆಯಿಯೂ ಆಗ ಕಣ್ಣು ತೆರೆದಿದ್ದಳು. ನೋಡಿದಳು. ತನ್ನ ಲಿಂಗವನ್ನು ಒರೆಸಿ ಕೊರಳ ಕರಡಿಗೆಯಲ್ಲಿ ಇಟ್ಟುಕೊಂಡಳು.

ಮಧ್ಯಾಹ್ನ ಮಳೆ ನಿಂತಿತು. ಹೆಂಗಸರು ಬುತ್ತಿ ಹಿಡಿದು ದಂಡೆಗೆ ಬಂದರು. ದೋಣಿ ಹತ್ತಲಿಲ್ಲ, ಮೊದಲು ಚಾಲೂ ಆಗಲಿ ಎಂದು ನಿಂತರು. ಆಯಿಯೂ ಬಂದಿದ್ದಳು, ತಲೆಗೆ ಗೋಣಿಚೀಲ ಹಾಕಿಕೊಂಡು. ಅಪ್ಪನ ಬಲಗೈ ಗಾಯದ ಬಟ್ಟೆಯಲ್ಲಿತ್ತು, ಹಾಗಾಗಿ ಎಡಗೈಯಲ್ಲಿ ಹಿಡಿ ಹಿಡಿದ. ಊರೆಲ್ಲ ನೋಡುತ್ತಿರುವಾಗ ನನ್ನ ಅಪ್ಪ ಎಡಗೈಯಲ್ಲಿ ಜಗ್ಗಿದ, ಮಷಿನ್ನು ಕೆಮ್ಮಿತು. ಮತ್ತೆ ಜಗ್ಗಿದ, ಹೊಗೆ ಬಂತು.

"ಎಡಗೈ ಅದ, ಸಿದ್ದಣ್ಣ, ಹತ್ತಂಗಿಲ್ಲ ಬಿಡು," ಎಂದಳು ಶರಣಮ್ಮ.

"ಬಾಯಿ ಮುಚ್ಚು, ಶರಣಮ್ಮ," ಎಂದಳು ಆಯಿ. "ಅಂವ ಜಗ್ಗಾಕತ್ತಾನ, ಕಾಣಂಗಿಲ್ಲೇನು?"

ಮೂರನೆಯ ಸಲಕ್ಕೆ ಫಟಫಟ ಎಂದಿತು. ದಂಡೆಯ ಕೊಕ್ಕರೆಗಳು ಎದ್ದವು. ಹೆಂಗಸರು ಸೆರಗು ಕಟ್ಟಿಕೊಂಡು ಹತ್ತಿದರು. ಊರಿನ ಒಂದು ನಾಯಿಯೂ ಹತ್ತಲು ನೋಡಿತು. ಬೆಣ್ಣೆಯ ವಾಸನೆಗೆ ಅದು ಆ ಇಡೀ ಮಳೆಗಾಲ ಹಗ್ಗ ನೆಕ್ಕಲು ಬರುತ್ತಿತ್ತು, ಅಪ್ಪ ಅದನ್ನು ಓಡಿಸಿ ಓಡಿಸಿ ಸೋತ. ತೊಗರಿ ಉಳಿಯಿತು. ಕೆಲವು ವರ್ಷಗಳ ಮೇಲೆ ಹೊಳೆಗೆ ಸೇತುವೆ ಬಂತು, ಮಷಿನ್ನು ಬಂದ ದಾರಿ ಹಿಡಿದು ಗುಜರಿಗೆ ಹೋಯಿತು. ಆ ಕೆಂಪು ಪಟ್ಟಿಯನ್ನು ನಾನು ಇಟ್ಟುಕೊಂಡಿಲ್ಲ. ಬಟ್ಟೆ ಅದು, ಕೈ ತಿಕ್ಕಿ ತಿಕ್ಕಿ ಹರಿದು ಹೋಯಿತು. ಇಟ್ಟುಕೊಂಡು ಏನು ಮಾಡುವುದಿತ್ತು?

ಆಯಿ ಸೋತಳು ಎಂದು ತಿಳಿಯಬೇಡಿ. ಗಂಗಾಳದ ಮುಂದೆ ಎಡಗೈ ಎತ್ತಿದರೆ ಕೊನೆಯತನಕ ಬಡಿಯುತ್ತಿದ್ದಳು, ನಾನು ಇಂದಿಗೂ ಬಲಗೈಯಲ್ಲೇ ಉಣ್ಣುತ್ತೇನೆ. ಆದರೆ ಆ ದಿನ ಸಂಜೆಯ ಮಾತು ಬೇರೆ. ದೋಣಿ ವಾಪಸು ಬಂದಿತ್ತು, ಅಪ್ಪ ಕಾಲು ತೊಳೆಯುತ್ತಿದ್ದ. ಅವ್ವ ಒಲೆಯ ಮುಂದಿನಿಂದ ಎದ್ದು ನನ್ನನ್ನು ಕೂಡಿಸಿ, ತಾನು ಪುಂಡಿಪಲ್ಯ ತಿರುವುವ ನೆಪದಲ್ಲಿ ಆಯಿಗೆ ನಾನು ಕಾಣದ ಹಾಗೆ ನಡುವೆ ನಿಂತಳು. ಗೂಟ ಬರಿದಾಗಿತ್ತು. ನಾನು ಹಿಟ್ಟು ನಾದಿ, ಎಡಗೈಯಲ್ಲಿ ಬಡಿದೆ. ಸದ್ದಿನಲ್ಲೇ ಆಯಿಗೆ ಗೊತ್ತಾಗಿರಬೇಕು, ಐವತ್ತು ವರ್ಷ ರೊಟ್ಟಿ ಬಡಿದವಳು. ರೊಟ್ಟಿ ಎಡಕ್ಕೆ ತಿರುಗಿತು, ದೊಡ್ಡದಾಯಿತು, ಹಂಚಿನ ಮೇಲೆ ಉಬ್ಬಿತು. ಅವ್ವ ಅದನ್ನು ಆಯಿಯ ಗಂಗಾಳಕ್ಕೆ ಹಾಕಿ, ಪಕ್ಕಕ್ಕೆ ಪಲ್ಯ, ಶೇಂಗಾ ಹಿಂಡಿ ಇಟ್ಟು ಸರಿದು ನಿಂತಳು. ನಾನು ಒಲೆಯ ಬೆಂಕಿಯನ್ನೇ ನೋಡುತ್ತಿದ್ದೆ. ಎತ್ತಿನ ಕೊಟ್ಟಿಗೆಯ ಕಡೆಗೆ ಹೆಜ್ಜೆ ಹೋಗುತ್ತದೋ ಎಂದು ಕಿವಿ ಅಲ್ಲಿಟ್ಟಿದ್ದೆ. ಆಯಿ ಎದ್ದ ಸದ್ದು ಬರಲಿಲ್ಲ. ರೊಟ್ಟಿ ಮುರಿದ ಸದ್ದು ಬಂತು. ಬಹಳ ಹೊತ್ತು ಅಗಿದಳು. ಹಲ್ಲು ನಾಲ್ಕೇ ಇದ್ದವು.

"ಅಂಚು ದಪ್ಪ ಆಗ್ಯಾದ," ಎಂದಳು. "ಇನ್ನೊಂದು ಬಡಿ. ತೆಳ್ಳಗ ಬಡಿ."